ಅಕ್ಕನ ಸಾವಯವ ಧೈರ್ಯ

ಅಮ್ಮ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಅಕ್ಕ ಸಾವಯವ ತರಕಾರಿಯ ಅಂಗಡಿ ತೆರೆದಳು. ಮನೆಯಲ್ಲೂ ಅದೇ ಕಟ್ಟುನಿಟ್ಟು. ರಾಸಾಯನಿಕ ಸೋಕಿದ ಒಂದು ಸೊಪ್ಪಿನೆಲೆಯೂ ಹೊಸ್ತಿಲು ದಾಟುವಂತಿರಲಿಲ್ಲ. ತಂಗಿ ತಕ್ಕಡಿಯ ಹಿಂದೆ ನಿಂತು ತೂಗುತ್ತಿದ್ದಳು. ಅವಳಿಂದ ಮಾತು ಹೊರಡಿಸುವುದೆಂದರೆ ಮರಳಿನಿಂದ ಎಣ್ಣೆ ಹಿಂಡಿದಂತೆ.

ಒಂದು ಬೆಳಿಗ್ಗೆ ಬುಟ್ಟಿ ಎತ್ತುವಾಗ ಅಕ್ಕ ಎಡಗಂಕುಳಿಗೆ ಕೈಯೊತ್ತಿ ಮುಖ ಕಿವುಚಿದಳು.

"ಏನಕ್ಕಾ?"

"ಏನೋ ಗಂಟು ಕಣೆ. ಸುಮಾರು ದಿನ ಆಯ್ತು. ಕರಗುತ್ತೆ ಬಿಡು."

"ಡಾಕ್ಟರಿಗೆ ತೋರಿಸೋಣ."

"ವರ್ಷಗಟ್ಟಲೆ ಒಂದು ಹನಿ ವಿಷ ತಿಂದಿಲ್ಲ. ನನಗೆಲ್ಲಿಂದ ಬರುತ್ತೆ? ಅಂಗಡಿಯವಳೇ ಹೋಗಿ ಆಸ್ಪತ್ರೇಲಿ ಕೂತರೆ ಗಿರಾಕಿಗಳು ನಗಲ್ವಾ?"

ಔಷಧಿ ಹೊಡೆಯದ ಬದನೆಯಲ್ಲಿ ಹುಳ ಸಾಮಾನ್ಯ, ಹೊರಗಿನ ನುಣುಪನ್ನು ನಂಬುವಂತಿಲ್ಲ. ಹೊಸ ಮೂಟೆ ಬಂದಾಗಲೆಲ್ಲ ಅಕ್ಕ ಕೆಲವು ಕಾಯಿ ಸೀಳಿ ನೋಡಿಯೇ ಮಾರಾಟಕ್ಕೆ ಇಡುತ್ತಿದ್ದಳು. ಈಗಲೂ ಬುಟ್ಟಿಯಿಂದ ಒಂದು ಬದನೆ ತೆಗೆದು ಚಾಕು ಕೈಗೆತ್ತಿಕೊಂಡಳು.

"ಅದನ್ನ ಯಾಕೆ ಸೀಳಿ ನೋಡ್ತೀಯ? ಅದೂ ವಿಷ ಇಲ್ಲದ್ದೇ ತಾನೆ?" ಎಂದಳು ತಂಗಿ.

"ಮಾತೇ ಆಡದವಳಿಗೆ ಬಾಯಿ ಬಂತು ನೋಡು!" ಅಕ್ಕ ಗದರಿದಳು. ಆದರೆ ಚಾಕು ಕೆಳಗಿಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಂಟನ್ನು ಒತ್ತಿ ನೋಡಿ ಸ್ಕ್ಯಾನಿಗೆ ಬರೆದರು.

"ನಾನು ಸಾವಯವ ಬಿಟ್ಟು ಬೇರೆ ಮುಟ್ಟಲ್ಲ ಮೇಡಂ," ಎಂದಳು ಅಕ್ಕ.

"ತಿನ್ನಿ, ಬೇಡ ಅನ್ನಲ್ಲ. ಆದರೆ ಅದರಿಂದ ಹೆಂಗಸರಿಗೆ ಕ್ಯಾನ್ಸರ್ ತಪ್ಪುತ್ತೆ ಅಂತ ಖಚಿತವಾಗಿಲ್ಲ. ಒಂದು ಅಧ್ಯಯನದಲ್ಲಿ ಸ್ವಲ್ಪ ಕಡಿಮೆ ಕಂಡರೆ, ಲಕ್ಷಾಂತರ ಹೆಂಗಸರನ್ನ ಗಮನಿಸಿದ ಇನ್ನೊಂದರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅದನ್ನ ನಂಬಿ ಗಂಟು ಇಟ್ಕೊಂಡು ಕೂರಬೇಡಿ."

ಅಕ್ಕ ಸಿಟ್ಟಾಗಿ ಎದ್ದು ನಡೆಯುತ್ತಾಳೆಂದು ತಂಗಿಗೆ ಭಯ. ಅಕ್ಕ ಏಳಲಿಲ್ಲ.

"ಹಾಗಾದರೆ ನಮ್ಮಮ್ಮನಿಗೆ..." ದನಿ ಸಣ್ಣದಾಗಿತ್ತು. "ಅಗ್ಗ ಅಂತ ಮಾರ್ಕೆಟ್ಟಿಂದ ಸಿಕ್ಕಿದ್ದೆಲ್ಲ ತಂದು ಬೇಯಿಸಿ ಹಾಕಿದವಳು ನಾನು. ಅದರಿಂದ ಬಂದಿದ್ದಲ್ಲವಾ?"

"ಯಾರಮ್ಮಾ ಹಾಗಂದಿದ್ದು?"

"ಯಾರೂ ಅಂದಿಲ್ಲ. ನಾನೇ ಅಂದ್ಕೊಂಡೆ."

"ಒಬ್ಬರಿಗೆ ಯಾಕೆ ಬಂತು ಅಂತ ಬೆರಳಿಟ್ಟು ತೋರಿಸೋಕೆ ನಮಗೂ ಆಗಲ್ಲ. ನಿಮ್ಮ ಅಡುಗೆ ಮೇಲೆ ತಪ್ಪು ಹೊರಿಸ್ಕೋಬೇಡಿ."

ಒಂದೇ ಒಲೆಯ ಅನ್ನ ಉಂಡೂ ತಂಗಿಗೆ ಈ ಹೊರೆಯ ಸುಳಿವೇ ಸಿಕ್ಕಿರಲಿಲ್ಲ. ಅವಳು ಅಕ್ಕನ ಕೈ ಹಿಡಿದುಕೊಂಡಳು. ಕಣ್ಣು ತುಂಬಿ ಬಂತು.

ಸ್ಕ್ಯಾನಿನ ಕೋಣೆಯಿಂದ ನರ್ಸ್ ಕರೆದಳು. ಅಕ್ಕ ಕೊರಳ ಸರ ಬಿಚ್ಚಿ ತಂಗಿಯ ಅಂಗೈಗೆ ಹಾಕಿದಳು.

"ಈಗಲೇ ಅಳಬೇಡ ಕಣೆ. ಅಳೋದಿದ್ರೆ ರಿಪೋರ್ಟ್ ಬಂದ ಮೇಲೆ ಇಬ್ಬರೂ ಸೇರಿ ಅಳೋಣ," ಎಂದು ಹೇಳಿ ಒಳಗೆ ಹೋದಳು.