ಐದನೇ ಇನ್ನಿಂಗ್ಸಿನಲ್ಲಿ ನಿಂತ ಆಟ

"ಸ್ವಲ್ಪ ತಗ್ಗಿಸಿ ಮಾರಾಯ್ರೆ, ಕಾಲು ತಾಗ್ತದೆ," ಎಂದು ಮಾರ್ಸೆಲ್ ಹೇಳಿ ಮುಗಿಸುವ ಮೊದಲೇ ಧರ್ಮಪಾಲನ ಕಾಲು ಬಾಗಿಲ ಚೌಕಟ್ಟಿಗೆ ಬಡಿಯಿತು. ಹಿಂದೆ ಬರುತ್ತಿದ್ದ ಲೋಲಾಕ್ಷಿ "ಅಯ್ಯೋ, ಮೆಲ್ಲಗೆ" ಎಂದಳು. ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. ಕಾಗದಪತ್ರ ಮುಗಿಯುವ ತನಕ ಏಳು ದಿನ ಶವಾಗಾರದ ತಣ್ಣನೆಯಲ್ಲಿ ಮಲಗಿದ್ದ ಗಂಡನಿಗೆ ಇನ್ನು ಎಂಥ ನೋವು!

ದುಬೈಯ ಜೆಬೆಲ್ ಅಲಿಯ ಚಿತಾಗಾರದೊಳಗೆ ಅವನನ್ನು ಹೊತ್ತು ತಂದವರು ಆರು ಜನ. ಮುಂದೆ ಮಗ ಸುಜಿತ್, ಅವನ ಪಕ್ಕದಲ್ಲಿ ಹೋಟೆಲಿನ ಹಳೆಯ ಜೊತೆಗಾರ ಮಾರ್ಸೆಲ್. ಉಳಿದ ನಾಲ್ವರು ಬಿಳಿ ಪ್ಯಾಂಟು, ಬೆನ್ನಿಗೆ ನಂಬರು ಬರೆದ ಬಿಳಿ ಅಂಗಿ ತೊಟ್ಟವರು. ಅವರಲ್ಲಿ ಮೂವರು ಫಿಲಿಪೀನ್ಸಿನವರು, ನಾಲ್ಕನೆಯವನು ನಮ್ಮ ಉಪ್ಪಿನಂಗಡಿಯ ಝಹೀರ್.

"ಇವರೆಲ್ಲ ಯಾರು ಅಂಕಲ್?" ಸೊಸೆ ಶರ್ಮಿಳಾ ಮಾರ್ಸೆಲ್‌ನ ಕಿವಿಯಲ್ಲಿ ಕೇಳಿದಳು.

"ನಿಮ್ಮ ಮಾವನ ಬೇಸ್‌ಬಾಲ್ ಟೀಮು. ಪೆಲಿಕನ್ಸ್. ನಾಲ್ಕು ಗಂಟೆಗೆ ಮ್ಯಾಚ್ ಉಂಟಂತೆ, ಡ್ರೆಸ್ ಹಾಕಿಯೇ ಬಂದಿದ್ದಾರೆ."

"ಇವತ್ತೂ ಮ್ಯಾಚಾ? ಒಂದು ದಿನ ಬಿಟ್ರೆ ಏನಾಗ್ತಿತ್ತು?"

ಅದು ಝಹೀರ್‌ಗೆ ಕೇಳಿಸಿತು. ಕ್ಯಾಪು ತೆಗೆದು ಕೈಯಲ್ಲಿ ಹಿಂಡುತ್ತಾ ಹತ್ತಿರ ಬಂದ. "ಬಿಡ್ಲಿಕ್ಕೆ ಆಗುದಿಲ್ಲ ಅಕ್ಕ. ಕಳೆದ ಶನಿವಾರ ಅವರು ನೋಡ್ತಾ ಕುರ್ಚಿಯಿಂದ ಬಿದ್ರಲ್ಲ, ಆಗ ನಿಂತ ಮ್ಯಾಚೇ ಇದು. ನಮ್ಮ ಲೀಗಲ್ಲಿ ನಿಂತ ಮ್ಯಾಚನ್ನು ಮೊದಲಿಂದ ಆಡುದಿಲ್ಲ, ನಿಂತಲ್ಲಿಂದಲೇ ಶುರು. ಐದನೇ ಇನ್ನಿಂಗ್ಸ್, ನಾಲ್ಕು-ನಾಲ್ಕು ಸಮ. ಆಗ ನಾನು ಓಡ್ತಾ ಎರಡನೇ ಬೇಸಿನ ಹತ್ರ ಇದ್ದೆ. ಇವತ್ತೂ ಅಲ್ಲಿಯೇ ಹೋಗಿ ನಿಲ್ಬೇಕು."

"ಅದೇ ಜಾಗದಲ್ಲಾ?" ಲೋಲಾಕ್ಷಿ ತಲೆಯೆತ್ತಿದಳು.

"ಅದೇ ಜಾಗ ಲೋಲಾಕ್ಷಿಯಕ್ಕ. ಎಲ್ಲರೂ."

ಲೋಲಾಕ್ಷಿಗೆ ಮೈ ಜುಮ್ಮೆಂದಿತು. ಅದಕ್ಕೆ ಕಾರಣವಿತ್ತು. ಬೆಳಿಗ್ಗೆಯೇ ಕಾಪುವಿನಿಂದ ಧರ್ಮಪಾಲನ ಅಕ್ಕ ವಾರಿಜಕ್ಕ ವಿಡಿಯೋ ಕಾಲ್ ಮಾಡಿದ್ದಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ನೇರ ಕೆಲಸದ ಮಾತಿಗೆ ಬಂದಿದ್ದಳು.

"ಹೊರಗೆ ಬಿದ್ದು ಹೋದವ. ತಾನು ಸತ್ತದ್ದೇ ಅವನಿಗೆ ಗೊತ್ತಿರ್ಲಿಕ್ಕಿಲ್ಲ. ಸುಟ್ಟ ದಿನವೇ, ಹೊತ್ತು ಕಂತುವ ಮೊದಲು, ಆ ಜಾಗಕ್ಕೆ ಚೊಂಬಲ್ಲಿ ನೀರು, ತುಳಸಿ ತಗೊಂಡು ಹೋಗಿ ಕರಿ. ಹೆಂಡತಿಯೇ ಕರೀಬೇಕು, ಹೆಸರು ಹಿಡಿದು, ಮೂರು ಸಲ. ಬಂದ್ರೆ ಚೊಂಬು ಭಾರ ಆಗ್ತದೆ. ಮತ್ತೆ ಹಿಂದೆ ತಿರುಗ್ಬೇಡ, ಮನೆಯ ದೀಪ ಕಾಣುವವರೆಗೆ ಬಾಯಿ ಬಿಡ್ಬೇಡ. ಕರೆಯದಿದ್ರೆ ಅವ ಅಲ್ಲೇ ಬಾಕಿ. ಹದಿಮೂರಕ್ಕೆ ಬಡಿಸಿದ ಅನ್ನವೂ ಅವನಿಗೆ ಸೇರುದಿಲ್ಲ, ನೋಡು."

ನೀರು, ತುಳಸಿ, ಚೊಂಬು ದೊಡ್ಡ ವಿಷಯವಲ್ಲ. ಹೆಸರು? ಮೂವತ್ತಾರು ವರ್ಷದ ಸಂಸಾರದಲ್ಲಿ ಲೋಲಾಕ್ಷಿ ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ. "ಇವರೇ", "ಓಯ್", "ಸುಜಿತ್‌ನ ಅಪ್ಪ", ಇಷ್ಟರಲ್ಲೇ ಮುಗಿಸಿದ್ದಳು. ವೀಸಾ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದರೂ ಪಾಸ್‌ಪೋರ್ಟ್ ಬಿಡಿಸಿ ಬೆರಳಿಟ್ಟು ತೋರಿಸಿದ ಮಹಾತಾಯಿ ಅವಳು!

"ಅಮ್ಮ, ಇದೆಲ್ಲ ಇಲ್ಲಿ ಬೇಕಾ?" ಎಂದ ಸುಜಿತ್. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮನೆ ಮಾಡಿರುವವನು. ಸಂಜೆಯೇ ತಾಯಿಯನ್ನು ಅಲ್ಲಿಗೆ ಕರೆದೊಯ್ಯುವ ಲೆಕ್ಕದಲ್ಲಿದ್ದ.

"ನಿನ್ನ ಅಪ್ಪನನ್ನು ಬೀದಿಯಲ್ಲಿ ಬಿಟ್ಟು ನಾನು ಎಲ್ಲಿಗೂ ಬರುದಿಲ್ಲ," ಎಂದಳು ಲೋಲಾಕ್ಷಿ. ಒಳಗೆ ಚಿತೆಯ ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು. ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಕರೆದರೆ ಬಂದಾರೆ?

*

ಹನ್ನೊಂದು ವರ್ಷದ ಹಿಂದೆ ಅಲ್ ಮುರಕ್ಕಬಾತ್‌ನಲ್ಲಿ ಧರ್ಮಪಾಲ ದುಡಿಯುತ್ತಿದ್ದ ಹೋಟೆಲಿನ ಲಾಂಡ್ರಿಗೆ ಒಂದು ಭಾನುವಾರ ಹತ್ತೊಂಬತ್ತು ಬಿಳಿ ಪ್ಯಾಂಟು ಬಂದವು. ಎಲ್ಲದರ ಮೊಣಕಾಲಿಗೂ ಕೆಂಪು ಮಣ್ಣು. ದುಬೈಯಲ್ಲಿ ಕೆಂಪು ಮಣ್ಣು! ಸೂಪರ್‌ವೈಸರ್ ಧರ್ಮಪಾಲ ಮೂಗಿನ ಹತ್ತಿರ ಹಿಡಿದು ಮೂಸಿಯೂ ನೋಡಿದನಂತೆ. ಮೆಷಿನ್ನಿಗೆ ಹಾಕಿದರೆ ಕಲೆ ಹೋಗದೆಂದು ತಾನೇ ಕೂತು, ವಿನೆಗರ್ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಒಂದೊಂದನ್ನೇ ತಿಕ್ಕಿದ. ಬಟ್ಟೆ ತೆಗೆದುಕೊಂಡು ಹೋಗಲು ಬಂದ ಝಹೀರ್‌ನನ್ನು ಹಿಡಿದು ಕೇಳಿದ, "ನೀವು ಆಡುದಾ, ತೆವಳುದಾ?"

"ಬಂದು ನೋಡಿ ಅಣ್ಣ," ಎಂದಿದ್ದ ಝಹೀರ್.

ಹೋಗಿ ನೋಡಿದವನು ಮತ್ತೆ ಒಂದು ಶನಿವಾರವನ್ನೂ ಬಿಡಲಿಲ್ಲ. ಎರಡನೇ ಡಿವಿಷನ್ನಿನ ಎಂಟು ತಂಡಗಳಲ್ಲಿ ಪೆಲಿಕನ್ಸ್ ಯಾವಾಗಲೂ ಏಳನೆಯದು, ವರ್ಷ ಚೆನ್ನಾಗಿದ್ದರೆ ಆರನೆಯದು. ಕಟ್ಟಡದವರೆಲ್ಲ ಕ್ರಿಕೆಟ್ ಎಂದು ಬಾಯಿ ಬಿಡುವಾಗ ಇವನು ಮಾತ್ರ ಮಿರ್ದಿಫ್‌ನ ಮೈದಾನದ ಬಲೆಯ ಆಚೆ ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಗಂಟಲು ಹರಿದುಕೊಂಡು ಬರುತ್ತಿದ್ದ. ಚೆಂಡು ಆಕಾಶಕ್ಕೆ ಹೋಗಿ ಬಿಸಿಲಲ್ಲಿ ಕಾಣದಾದಾಗ "ಪಿರ! ಪಿರ!" ಎಂದು ತುಳುವಿನಲ್ಲಿ ಕಿರುಚುತ್ತಿದ್ದ. ಹಿಂದಕ್ಕೆ ಹೋಗಿ ಎಂದರ್ಥ. ಮನಿಲಾದವರಿಗೂ ಗೊತ್ತಿದ್ದ ಒಂದೇ ತುಳು ಮಾತು ಅದು.

"ಸೋಲುವ ಟೀಮಿಗೆ ಯಾಕೆ ಮಾರಾಯ ಇಷ್ಟು ಒದ್ದಾಡ್ತೀ?" ಎಂದು ಮಾರ್ಸೆಲ್ ಕೆಣಕಿದರೆ, "ಅವರ ಪ್ಯಾಂಟು ಒಗೆದವ ನಾನು. ಅವರು ಎಷ್ಟು ಬಿದ್ದಿದ್ದಾರೆ ಅಂತ ನನಗೆ ಗೊತ್ತುಂಟು," ಎನ್ನುತ್ತಿದ್ದ.

*

ನಾಲ್ಕು ಗಂಟೆಗೆ ಐದು ನಿಮಿಷವಿರುವಾಗ ಲೋಲಾಕ್ಷಿ ಚೊಂಬು ಹಿಡಿದು ಮೈದಾನದ ಬಾಗಿಲಿಗೆ ಬಂದಳು. ಒಳಗೆ ನೀರು ಬಾಟ್ಲಿಯದು. ದುಬೈಯಲ್ಲಿ ಬಾವಿ ಎಲ್ಲಿಂದ ತರುವುದು? ದೀಪ ಹಚ್ಚಿಡಲು ಶರ್ಮಿಳಾ ಫ್ಲ್ಯಾಟಿನಲ್ಲೇ ಉಳಿದಿದ್ದಳು. ಸುಜಿತ್ ಫೋನು ನೋಡಿ, "ಆರು ಗಂಟೆ ಆರು ನಿಮಿಷಕ್ಕೆ ಸೂರ್ಯಾಸ್ತ. ಬೇಗ ಮುಗಿಸು ಅಮ್ಮ," ಎಂದ.

ಬಲೆಯ ಪಕ್ಕ ಆ ಬಿಳಿ ಕುರ್ಚಿ ಒಂಟಿಯಾಗಿ ಇತ್ತು. ಮೈದಾನ ನೋಡಿಕೊಳ್ಳುವ ರಿಯಾಝ್ ಅದರಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ.

"ಅವರು ಬಿದ್ದ ಮೇಲೆ ದಿನಾ ಸಂಜೆ ಇದನ್ನು ಬೇರೆ ಕುರ್ಚಿಗಳ ಮೇಲೆ ಪೇರಿಸಿ ಇಡ್ತೇನೆ ಅಕ್ಕ. ಬೆಳಿಗ್ಗೆ ನೋಡಿದ್ರೆ ಇಲ್ಲೇ, ಆಟದ ಕಡೆ ಮುಖ ಮಾಡಿ. ಗಾಳಿ ಅಂತ ಎಲ್ಲರೂ ಹೇಳ್ತಾರೆ. ಗಾಳಿ ಕುರ್ಚಿಯನ್ನು ಬೀಳಿಸ್ತದೆ, ಎತ್ತಿ ತಂದು ಇಡುದಿಲ್ಲ ಅಲ್ವಾ?"

ಸುಜಿತ್ ಮತ್ತೆ ಫೋನಿನಲ್ಲಿ ಹೊತ್ತು ನೋಡಿದ.

ಮೈದಾನದಲ್ಲಿ ಆಟಗಾರರು ತಮ್ಮ ತಮ್ಮ ಜಾಗಕ್ಕೆ ಹೋಗುತ್ತಿದ್ದರು. ಅಂಪೈರ್ ಕೈಯಲ್ಲಿದ್ದ ಹಾಳೆ ನೋಡಿ ಒಬ್ಬೊಬ್ಬರನ್ನೇ ನಿಲ್ಲಿಸುತ್ತಿದ್ದ. ಝಹೀರ್ ಎರಡನೇ ಬೇಸಿನ ಮೇಲೆ ನಿಂತ. ಅಂಪೈರ್ ತಲೆಯಲ್ಲಾಡಿಸಿ ಅವನನ್ನು ಮೂರು ಹೆಜ್ಜೆ ಮುಂದಕ್ಕೆ ಸರಿಸಿದ. ಆಮೇಲೆ ಎಲ್ಲರೂ ಅಲುಗಾಡದೆ ನಿಂತರು. ತಲೆಯ ಮೇಲೆ ವಿಮಾನವೊಂದು ಚಕ್ರ ಇಳಿಸಿಕೊಂಡು ಹೋಯಿತು. ಗಂಡ ಕೊನೆಯದಾಗಿ ನೋಡಿದ್ದು ಇದನ್ನೇ ಎಂದು ಲೋಲಾಕ್ಷಿಗೆ ಹೊಳೆಯಿತು. ಈ ಹದಿನೈದು ಜನ, ಈ ನೆರಳು, ಇದೇ ಹೊತ್ತು.

ಅವಳು ಕುರ್ಚಿಯ ಹತ್ತಿರ ಹೋಗಿ ಬಾಯಿ ತೆರೆದಳು. ಹೆಸರು ಹಲ್ಲಿನ ತನಕ ಬಂತು, ಹೊರಗೆ ಬರಲಿಲ್ಲ.

"ಇವರೇ... ಓ ಇವರೇ... ಬನ್ನಿ."

ಚೊಂಬು ಹಗುರವಾಗಿಯೇ ಇತ್ತು. ಹಿಂದಿನಿಂದ "ಪ್ಲೇ!" ಎಂದು ಅಂಪೈರ್ ಕೂಗಿದ. ವಾರದ ಹಿಂದೆ ಎಸೆಯಬೇಕಾಗಿದ್ದ ಚೆಂಡನ್ನು ಪಿಚರ್ ಈಗ ಎಸೆದ.

"ಖಲಾಸ್ ಅಮ್ಮ. ಕರೆದಾಯ್ತಲ್ಲ, ಹೋಗುವ," ಎಂದ ಸುಜಿತ್.

"ಮ್ಯಾಚ್ ಮುಗಿಯದೆ ನಿನ್ನ ಅಪ್ಪ ಎದ್ದು ಬಂದದ್ದುಂಟಾ?" ಲೋಲಾಕ್ಷಿ ಇನ್ನೊಂದು ಕುರ್ಚಿ ಎಳೆದು ಗಂಡನ ಕುರ್ಚಿಯ ಪಕ್ಕ ಕೂತಳು. "ರಿಯಾಝ್, ಇದು ಎಷ್ಟು ಹೊತ್ತಿಗೆ ಮುಗೀತದೆ?"

"ಇದಕ್ಕೆ ಟೈಮ್ ಅಂತ ಇಲ್ಲ ಅಕ್ಕ. ಏಳು ಇನ್ನಿಂಗ್ಸ್. ಸಮ ಆದ್ರೆ ಯಾರಾದ್ರೂ ಗೆಲ್ಲುವವರೆಗೆ ಆಡ್ತಾ ಇರುದು."

*

ಕಳೆದ ಶನಿವಾರ ಧರ್ಮಪಾಲ ಕನ್ನಡಿಯ ಮುಂದೆ ದೊಡ್ಡ ಹೊಟ್ಟೆಯ ಮೇಲೆ ಅಂಗಿ ಎಳೆದು, ಕ್ಯಾಪು ಸರಿಮಾಡಿಕೊಳ್ಳುತ್ತಾ, "ಇವತ್ತು ನೀನೂ ಬಾ ಮಾರಾಯ್ತಿ," ಎಂದಿದ್ದ.

ಲೋಲಾಕ್ಷಿ ಬಂಗುಡೆ ತೊಳೆಯುತ್ತಿದ್ದಳು. "ನಿಮ್ಮ ಆ ಸೋಲುವ ಆಟ ನೋಡ್ಲಿಕ್ಕೆ ನನಗೆ ಪುರುಸೊತ್ತಿಲ್ಲ."

"ಹನ್ನೊಂದು ವರ್ಷದಿಂದ ಕರೀತಾ ಇದ್ದೇನೆ."

"ಬರುವ ಶನಿವಾರ ಬರ್ತೇನೆ, ಆಯ್ತಾ? ಈಗ ಹೋಗಿ."

ಬಾಯಿಗೆ ಬಂದದ್ದನ್ನು ಹೇಳಿ ಸಾಗಹಾಕಿದ್ದಳು. ಅವನು ಅದನ್ನು ನಂಬಿದ. ಮೆಟ್ಟಿಲಲ್ಲಿ ಸಿಕ್ಕ ಮಾರ್ಸೆಲ್‌ಗೂ ಹೇಳಿದ್ದನಂತೆ, ಬರುವ ವಾರ ಮನೆಯವಳು ಬರುತ್ತಾಳೆ ಎಂದು.

*

ಏಳು ಇನ್ನಿಂಗ್ಸ್ ಮುಗಿದಾಗಲೂ ನಾಲ್ಕು-ನಾಲ್ಕು. ಎಂಟನೆಯದೂ ಹಾಗೆಯೇ ಹೋಯಿತು. ಲೋಲಾಕ್ಷಿಗೆ ಆಟದ ತಲೆಬುಡ ಅರ್ಥವಾಗದು. ಅವಳ ಒಂದು ಕಣ್ಣು ಸೂರ್ಯನ ಮೇಲೆ, ಇನ್ನೊಂದು ಪಕ್ಕದ ಕುರ್ಚಿಯ ಮೇಲೆ. ಪೆಲಿಕನ್ಸಿನವರ ಹೊಡೆತ ಜೋರಾದಾಗಲೆಲ್ಲ ಆ ಪ್ಲಾಸ್ಟಿಕ್ಕು ಕಿರುಗುಟ್ಟಿದ ಹಾಗೆ ಕೇಳುತ್ತಿತ್ತು. ಬಿಸಿಲು ಇಳಿದು ತಣ್ಣಗಾಗುವಾಗ ಪ್ಲಾಸ್ಟಿಕ್ಕು ಸದ್ದು ಮಾಡುವುದುಂಟು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂಬತ್ತನೆಯದರಲ್ಲಿ ಝಹೀರ್ ಓಡಿ, ಜಾರಿ, ಮೊಣಕಾಲು ಕೆಂಪು ಮಾಡಿಕೊಂಡು ಒಂದು ರನ್ ತಂದ. ಐದು-ನಾಲ್ಕು. ಇನ್ನು ಎದುರು ತಂಡದ ಮೂವರನ್ನು ಔಟ್ ಮಾಡಿದರೆ ಆಟ ಮುಗಿಯಿತು. ಇಬ್ಬರು ಹೋದರು. ಆರು ಗಂಟೆಯಾಗಿತ್ತು.

"ಆರು ನಿಮಿಷ ಉಂಟು," ಎಂದ ಸುಜಿತ್. ಅವನ ಸ್ವರದಲ್ಲಿ ಆಗಿನ ಉದಾಸೀನ ಇರಲಿಲ್ಲ.

ಮೂರನೆಯವನು ಬೀಸಿದ. ಚೆಂಡು ಮೇಲಕ್ಕೆ ಹೋಗಿ ಮುಳುಗುವ ಸೂರ್ಯನ ಬೆಳಕಿನಲ್ಲಿ ಕಾಣದಾಯಿತು. ಕೆಳಗೆ ಝಹೀರ್ ಹಣೆಗೆ ಕೈ ಹಿಡಿದು ಅತ್ತಿತ್ತ ನೋಡಿದ, ಕುರುಡನ ಹಾಗೆ ಎರಡು ಹೆಜ್ಜೆ ಮುಂದೆ ಬಂದ. ಥಟ್ಟನೆ ತಿರುಗಿ ಹಿಂದಕ್ಕೆ ಓಡಿದ. ಓಡುತ್ತಲೇ ಗ್ಲೌಸು ಚಾಚಿದ. ಚೆಂಡು ಅದರೊಳಗೆ ಬಂದು ಬಿತ್ತು.

ಗೆದ್ದವರು ಯಾರೂ ಕುಣಿಯಲಿಲ್ಲ. ಝಹೀರ್ ಚೆಂಡು ಹಿಡಿದುಕೊಂಡೇ ಏದುಸಿರು ಬಿಡುತ್ತಾ ಬಲೆಯ ಹತ್ತಿರ ಬಂದ.

"ಅಕ್ಕ, 'ಪಿರ' ಅಂತ ಕೂಗಿದ್ದು ನೀವಾ?"

"ನಾನಲ್ಲ."

ಝಹೀರ್ ಸುಜಿತ್‌ನ ಕಡೆ ನೋಡಿದ. ಸುಜಿತ್‌ನ ಮುಖ ಬಿಳಿಚಿಕೊಂಡಿತ್ತು. "ನಾನೂ ಅಲ್ಲ," ಎಂದ. "ಆದ್ರೆ ನನಗೂ ಕೇಳಿಸ್ತು."

ಲೋಲಾಕ್ಷಿ ಎದ್ದು ನಿಂತಳು. ಇನ್ನು ನಾಚಿಕೆಗೆ ಹೊತ್ತಿರಲಿಲ್ಲ.

"ಧರ್ಮಪಾಲಾ," ಎಂದಳು. ಸ್ವರ ಒಡೆಯಿತು. ಎರಡನೇ ಸಲ ಸ್ವಲ್ಪ ಗಟ್ಟಿಯಾಗಿ ಕರೆದಳು. ಮೂರನೇ ಸಲ, ಮೂವತ್ತಾರು ವರ್ಷ ಬಾಯೊಳಗೇ ಇಟ್ಟುಕೊಂಡದ್ದನ್ನೆಲ್ಲ ಸೇರಿಸಿ ಕೂಗಿದಳು. "ಧರ್ಮಪಾಲಾ! ಮ್ಯಾಚ್ ಮುಗೀತು. ನಿಮ್ಮವರು ಗೆದ್ರು. ನಾನು ಬಂದಿದ್ದೇನೆ. ಮನೆಗೆ ಹೋಗುವ, ಬನ್ನಿ!"

ಎರಡೂ ತಂಡದವರು ಕ್ಯಾಪು ತೆಗೆದರು. ಸೂರ್ಯನ ಅಂಚು ವಿಲ್ಲಾಗಳ ಹಿಂದೆ ಇಳಿಯಿತು.

ಲೋಲಾಕ್ಷಿ ಚೊಂಬು ಎತ್ತಿದಳು. ಎಷ್ಟಿತ್ತೋ ಅಷ್ಟೇ. ಒಂದು ಹನಿಯ ಭಾರವೂ ಹೆಚ್ಚಿರಲಿಲ್ಲ. ಕೈ ಬದಲಾಯಿಸಿ ನೋಡಿದಳು, ಎದೆಗೆ ಒತ್ತಿ ನೋಡಿದಳು. ಮಾತಾಡುವ ಹಾಗಿಲ್ಲ, ತಿರುಗುವ ಹಾಗಿಲ್ಲ. ಕಣ್ಣೀರು ಸುರಿಸುತ್ತಾ ಬಾಗಿಲಿನ ಕಡೆ ನಡೆದಳು. ಹನ್ನೊಂದು ವರ್ಷ ಕರೆದಾಗ ತಾನು ಬರಲಿಲ್ಲ, ಈಗ ತಾನು ಕರೆದರೆ ಅವರು ಯಾಕೆ ಬರಬೇಕು? ನ್ಯಾಯವೇ ಎನಿಸಿತು. ನ್ಯಾಯವೆನಿಸಿದ್ದಕ್ಕೇ ಎದೆ ಹೆಚ್ಚು ಉರಿಯಿತು.

ಅವಳು ಹಿಂದಿನ ಸೀಟಿನಲ್ಲಿ ಕೂತು ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡಳು. ಸುಜಿತ್ ಗಾಡಿ ಶುರುಮಾಡಿದ. ಹತ್ತು ಮಾರು ಹೋಗಿರಲಿಲ್ಲ, ಗಾಡಿಯ ಎಚ್ಚರಿಕೆಯ ಗಂಟೆ ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ಮುಂದಿನ ಪಕ್ಕದ ಸೀಟಿನ ಕೆಂಪು ಬೆಳಕು ಹೊತ್ತಿತ್ತು. ಅಲ್ಲಿ ಕೂತವರು ಬೆಲ್ಟು ಹಾಕಿಲ್ಲ ಎನ್ನುವ ಬೆಳಕು.

ಬರುವಾಗಲೂ ಆ ಸೀಟು ಖಾಲಿಯೇ ಇತ್ತು, ಆಗ ಸದ್ದಾಗಿರಲಿಲ್ಲ. ಸುಜಿತ್ ಬದಿಗೆ ನಿಲ್ಲಿಸಿ ಸೀಟಿನ ಮೇಲೆ ಕೈಯಾಡಿಸಹೋದ. ಕೈ ಅರ್ಧಕ್ಕೇ ನಿಂತಿತು. ಟಿಣ್ ಟಿಣ್ ಜೋರಾಯಿತು. ಅವನು ಬಾಯಿ ತೆರೆದ, ವಾರಿಜತ್ತೆಯ ಮಾತು ನೆನಪಾಗಿ ಮುಚ್ಚಿಕೊಂಡ.

ಆಮೇಲೆ ಮೆಲ್ಲಗೆ ಬಗ್ಗಿ, ಆಚೆ ಬದಿಯ ಬೆಲ್ಟನ್ನು ಉದ್ದಕ್ಕೆ ಎಳೆದು ತಂದು ಸಿಕ್ಕಿಸಿದ. ಸದ್ದು ನಿಂತಿತು. ಅವನು ಕೈ ಬಿಟ್ಟ. ಬೆಲ್ಟು ಸೀಟಿಗೆ ಹೋಗಿ ಅಂಟಲಿಲ್ಲ. ಹೊಟ್ಟೆಯಿರುವ ಒಬ್ಬ ಮನುಷ್ಯನಷ್ಟು ಜಾಗ ಬಿಟ್ಟು ಹಾಗೆಯೇ ನಿಂತಿತ್ತು.