ಕಾಲು ಸುತ್ತು

ಭಾವ ತೊಟ್ಟಿಗಳ ಪಕ್ಕ ಹಾದುಹೋದರೆ ಸಾಕು, ಅವಳಿಗೆ ಮೈ ಉರಿಯುತ್ತಿತ್ತು.

ಸತುವಿನ ಅದಿರಿನ ಕಾರ್ಖಾನೆಯಲ್ಲಿ ಒಂಬತ್ತು ತೊಟ್ಟಿಗಳ ಸಾಲು ನಡೆಸುವುದು ಅವಳ ಕೆಲಸ. ನುಣ್ಣಗೆ ಅರೆದ ಅದಿರಿನ ಕೆಸರಿಗೆ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಸತುವಿನ ಪುಡಿ ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲೆ ಬರಬೇಕು. ಗಂಧಕ ಬೆರೆತ ಹಳದಿ ಕಬ್ಬಿಣದ ಪುಡಿ ಸುಣ್ಣದ ಹಾಲಿಗೆ ಸೋತು ತಳದಲ್ಲೇ ಉಳಿಯಬೇಕು. ಅಂಟಿಸುವ ಕೆಲಸ ಕೊಳೆತ ಕೋಸಿನ ವಾಸನೆಯ ಒಂದು ಮದ್ದಿನದು. ಅದು ಹೆಚ್ಚಾಯಿತೋ, ಕಬ್ಬಿಣವೂ ನೊರೆ ಹತ್ತಿ ಬರುತ್ತದೆ.

ಅಕ್ಕನ ಗಂಡನೇ ಈಗ ಅವಳ ಮೇಲ್ವಿಚಾರಕ. ಹನ್ನೆರಡು ವರ್ಷ ಸೀಸದ ವಿಭಾಗದಲ್ಲಿದ್ದು ಬಂದವರು. ಅಲ್ಲಿ ನೊರೆ ದಪ್ಪಗಿದ್ದಷ್ಟೂ ಬೆನ್ನು ತಟ್ಟುತ್ತಿದ್ದರಂತೆ. ಹಾಗಾಗಿ ಹೋಗುತ್ತ ಬರುತ್ತ ಮದ್ದಿನ ವಾಲ್ವನ್ನು ಕಾಲು ಸುತ್ತು ಹೆಚ್ಚಿಗೆ ತಿರುಗಿಸುವುದು ಅವರ ಅಭ್ಯಾಸ. ನೋಡಿ ತಿರುಗಿಸುವುದೂ ಅಲ್ಲ. ಯಾರದೋ ಮಗುವಿನ ಕೆನ್ನೆ ಹಿಂಡಿದ ಹಾಗೆ, ಮಾತಾಡುತ್ತಲೇ. ಅವಳು ಹಿಂದೆಯೇ ಹೋಗಿ ಸರಿ ಮಾಡುವಷ್ಟರಲ್ಲಿ ಅವರು ಇನ್ನೊಂದು ತುದಿಯಿಂದ ವಾಪಸ್.

ಕಬ್ಬಿಣ ನೂರಕ್ಕೆ ಎಂಟು ಪಾಲು ದಾಟಿತೆಂದು ಆಗಲೇ ಎರಡು ಸಲ ಸರಕು ಹಿಂದಕ್ಕೆ ಬಂದಿತ್ತು. ಮೂರನೆಯದೂ ಬಂದರೆ ಅವಳನ್ನು ಕಲ್ಲು ಒಡೆಯುವ ವಿಭಾಗಕ್ಕೆ ಹಾಕುವುದಾಗಿ ಕಚೇರಿಯವರು ಬರೆದೇ ಕೊಟ್ಟಿದ್ದರು. ಉಬ್ಬಸದವಳು ಆ ಧೂಳಿನಲ್ಲಿ ಒಂದು ವಾರವೂ ನಿಲ್ಲಲಾರಳು. ಭಾವನ ಕೈಚಳಕವನ್ನು ಕಚೇರಿಗೆ ತಿಳಿಸೋಣವೆಂದರೆ ಇರುವುದು ಒಂದೇ ಮನೆ; ಅಕ್ಕನ ಮುಖ ನೋಡಿ ಅನ್ನ ಉಣ್ಣಬೇಕು.

ಮೂರನೆಯ ಸರಕಿನ ದಿನ ಬೆಳಿಗ್ಗೆಯಿಂದ ಮೂರು ಸಲ, ವಾಲ್ವ್ ಮುಟ್ಟಬೇಡಿ ಎಂದು ಭಾವನಿಗೆ ನಯವಾಗಿ ಹೇಳಿದಳು. ನೊರೆ ನೋಡಿಯೇ ತಮ್ಮ ತಲೆ ನರೆತದ್ದು, ತಮಗೆ ಪಾಠ ಬೇಡ ಎಂದರು ಅವರು. ಕೊನೆಗೆ ಬಿಳಿ ತಟ್ಟೆಯಲ್ಲಿ ಒಂದಿಷ್ಟು ನೊರೆ ಹಿಡಿದು, ನೀರು ಬಿಟ್ಟು ಓರೆಯಾಗಿ ತೊಳೆದಳು. ಕಂದು ಪುಡಿ ಮುಂದಕ್ಕೆ ಜಾರಿತು. ಭಾರದ ಹಳದಿ ಪುಡಿ ಬೆರಳಗಲ ಪಟ್ಟಿಯಾಗಿ ಹಿಂದೆ ಉಳಿದು ಮಿನುಗಿತು.

"ನೋಡಿ ಭಾವ, ಈ ಹಳದಿಯೆಲ್ಲ ಕಬ್ಬಿಣ."

"ಇಲ್ಲಿ ಭಾವ ಅನ್ನಬೇಡ ಅಂದಿದ್ದೀನಲ್ಲ."

"ನೋಡಿ ಸರ್, ಈ ಹಳದಿಯೆಲ್ಲ ಕಬ್ಬಿಣ."

ಅವರು ನೋಡಿದರು, ಚೆನ್ನಾಗಿ ಹೊಳೆಯುತ್ತದೆ ಎಂದರು, ಹೋಗುವಾಗ ಮತ್ತೆ ಕಾಲು ಸುತ್ತು ತಿರುಗಿಸಿದರು.

ಅವಳು ಮಾತು ನಿಲ್ಲಿಸಿದಳು. ಮದ್ದನ್ನು ಅಳತೆಗೆ ಇಳಿಸಿ, ಸುಣ್ಣವನ್ನು ಸ್ವಲ್ಪ ಏರಿಸಿ, ಸ್ಪ್ಯಾನರ್ ತಂದು ಮದ್ದಿನ ವಾಲ್ವಿನ ಹಿಡಿಯನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಮುಂದಿನ ಸುತ್ತಿನಲ್ಲಿ ಅವರ ಕೈ ಬರೀ ಮೊಳೆಯಂಥ ತುದಿಯನ್ನು ತಡವಿತು.

"ಹಿಡಿ ಎಲ್ಲಿ?"

"ನನ್ನ ಹತ್ತಿರ. ಯಾಕೆ ಬೇಕು ಅಂತ ಕಚೇರಿಗೆ ಬರೆದುಕೊಡಿ, ಕೊಡ್ತೀನಿ. ಯಾಕೆ ಬಿಚ್ಚಿದೆ ಅಂತ ನಾನೂ ಬರೀತೀನಿ."

ಅವರು ಅಕ್ಕಪಕ್ಕ ನೋಡಿದರು. ಪಂಪಿನವನು ನಗು ತಡೆಯಲು ಗೋಡೆ ಕಡೆ ತಿರುಗಿದ್ದ. ಮನೆಗೆ ಬಾ ಹೇಳ್ತೀನಿ ಎಂದು ಗೊಣಗಿ ಭಾವ ತಮ್ಮ ಕೋಣೆಗೆ ಹೋದರು.

ನೊರೆ ತೆಳುವಾಯಿತು, ಕಂದಾಯಿತು. ನಾಲ್ಕು ಗಂಟೆಗೆ ಪ್ರಯೋಗಾಲಯದ ಚೀಟಿ ಬಂತು: ಕಬ್ಬಿಣ ಏಳು ಪಾಯಿಂಟ್ ಒಂದು. ಸರಕು ಲಾರಿಗೆ ಹತ್ತಬಹುದು.

ಭಾವ ಕೋಣೆಯಿಂದ ಬಂದು ಚೀಟಿಯನ್ನು ಎರಡು ಸಲ ಓದಿದರು. ಪೆನ್ನು ತೆಗೆದು, ಸಾಲು ನಡೆಸಿದವರ ಜಾಗದಲ್ಲಿ ಉದ್ದಕ್ಕೆ ಸಹಿ ಎಳೆದರು.

"ಅದು ನನ್ನ ಜಾಗ ಸರ್. ನಿಮ್ಮದು ಕೆಳಗಿದೆ."

ಅವರು ಅದಕ್ಕೆ ಗೀಟು ಹಾಕಿ ಕೆಳಗೆ ಸಹಿ ಮಾಡಿದರು. ಗೀಟಿನ ಪಕ್ಕ ಉಳಿದ ಚೂರು ಜಾಗದಲ್ಲಿ ಅವಳು ತನ್ನ ಹೆಸರು ತುರುಕಿದಳು.