ಒಬ್ಬರು ಇಳೀರಿ

ಪೆಟ್ರೋಲಿನ ವಾಸನೆ, ಅದರ ಹಿಂದೆಯೇ ಹೊಳೆಯ ಕೆಸರಿನ ವಾಸನೆ, ಕಾಲ್ಬೆರಳುಗಳ ಸಂದಿಯಲ್ಲಿ ತಣ್ಣಗೆ ನುಸುಳುತ್ತಿರುವ ಕರಿಮಣ್ಣು — ಅಯ್ಯ ಇವರ, ಬೋಟಿನಿಂದ ಇಳಿಸಿದ್ದು ನನ್ನನ್ನೇ, ಆರು ಜನರಲ್ಲಿ ನನ್ನೊಬ್ಬಳನ್ನೇ, ಹುಬ್ಬಳ್ಳಿಯಿಂದ ಎಂಜಿನ್ ತಂದವನು ಭಾರ ಜಾಸ್ತಿ ಆತ್ರಿ, ಹಿಂದಿನಿಂದ ನೀರು ಒಳಗ ಬರಾಕತ್ತಾವ, ಒಬ್ಬರು ಇಳೀರಿ ಎಂದದ್ದೇ ತಡ, ಐದು ಗಂಡಸರ ಕಣ್ಣು ನನ್ನ ಕಡೆ, ನಿರ್ಮಲಕ್ಕಾರ ನೀವ ಇಳೀರಲಾ, ದಂಡಿ ಮ್ಯಾಲ ನಿಂತ್ರ ಚಲೋ ಕಾಣಸ್ತೈತಿ — ಕಾಣಿಸುತ್ತದೆ, ಯಾಕೆ ಕಾಣಿಸುವುದಿಲ್ಲ, ಸೀರೆ ಎತ್ತಿ ಹಿಡಿದು ಕೆಸರಲ್ಲಿ ನಿಂತ ಆಶಾ ಕಾರ್ಯಕರ್ತೆಯೂ ಇಡೀ ಹೊಳೆಆಲೂರಿಗೆ ಚೆನ್ನಾಗಿ ಕಾಣಿಸುತ್ತಾಳೆ, ಇವರ ಬುದ್ಧಿಗಿಷ್ಟು ಬೆಂಕಿ ಹಾಕ. ಮಲಪ್ರಭೆ ಏರಿದಾಗ ಬಸುರಿ ಬಾಣಂತಿಯರನ್ನು ಕರೆತರಲು ಮೊದಲು ಊರಿನ ಈ ಬೋಟಿನಲ್ಲಿ ಕೂರುವವಳು ನಾನು, ಅದಕ್ಕೇ ಅಲ್ಲವೇ ಊರ ಹಿರಿಯ ಅಂದಾನಪ್ಪ ಕಾಕಾ ಸಭೆಯಲ್ಲಿ, ಎಂಜಿನ್ ಒಂದು ಬೇಕೋ ಎರಡೋ ನಿರ್ಮಲಾನ ಹೇಳ್ಲಿ ಅಂದಿದ್ದು, ಹಾಗಂದವರೇ ಇವತ್ತು ಪರೀಕ್ಷೆಗೆಂದು ತಂದ ಎರಡನ್ನೂ ಬೋಟಿಗೆ ಬಿಗಿಸಿ, ಕುಂಕುಮ ಹಚ್ಚಿ, ಎತ್ತಿಗೆ ಹೆಸರಿಟ್ಟಂತೆ ಹೆಸರನ್ನೂ ಇಟ್ಟುಬಿಟ್ಟರು, ಬಲಗಡೆಯದು ಕರಿಯ, ಎಡಗಡೆಯದು ಕೆಂಚ, ಎರಡೂ ಇದ್ದಿಲಿನಂತೆ ಕಪ್ಪಗಿವೆ, ಕೆಂಚನಂತೆ ಕೆಂಚ! ಮೇಲೆ ಕಾಕಾನ ಮಾತು ಬೇರೆ, ಒಂಟೆತ್ತು ಕಟ್ಟಿದಾವನ ಮನಿಗೆ ಯಾರ ಹೆಣ್ಣ ಕೊಡ್ತಾರವಾ, ಬೋಟಿಗೆ ಒಂದ ಕಟ್ಟಿದ್ರ ರೋಣದ ಮಂದಿ ನಗ್ತಾರ.

ಆದರೂ ಕಾಕಾ ಹೇಳುವುದೆಲ್ಲ ಸುಳ್ಳಲ್ಲ, ನಡುಹೊಳೆಯಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ದಂಡೆ ಮುಟ್ಟಿಸುತ್ತದೆ, ಒಂದೇ ಇದ್ದು ಅದೇ ನಿಂತುಹೋದರೆ ಬಸುರಿಯನ್ನು ಹೊತ್ತ ಬೋಟು ಹೊಳೆ ಎಳೆದತ್ತ ಹೋಗುತ್ತದೆ. ಬೋಟು ನಡೆಸುವ ಮೆಹಬೂಬಸುಭಾನಿಯನ್ನು ಕೇಳಿದರೆ, ಒಂದ ಇದ್ರ ಹಗುರಾಗಿರ್ತೈತ್ರಿ ಅಕ್ಕಾ, ನೀರು ನಿಂತ ಹತ್ತಿ ಹೊಲದ ಮ್ಯಾಲೂ ಒಯ್ತೀನಿ, ಬಂದ್ ಬಿತ್ತಂದ್ರ ಹುಟ್ಟು ಹಾಕ್ತೀನಿ, ಆದ್ರ ಎರಡಿದ್ರ ಧೈರ್ಯ ನೋಡ್ರಿ, ನೀವ ಹೇಳ್ರಿ — ಮಹಾರಾಯ, ನಿನ್ನನ್ನು ಕೇಳಿ ನಾನು ಕೆಟ್ಟೆ. ಹೊಳೆಯಾಚೆ, ಆ ಹತ್ತಿ ಹೊಲಗಳನ್ನು ದಾಟಿದರೆ ನನ್ನ ಮಗಳು ಉಮಾಶ್ರೀಯ ಗಂಡನ ಮನೆ, ಶ್ರಾವಣಕ್ಕೆ ದಿನ ತುಂಬುತ್ತವೆ, ಹೊಳೆ ತುಂಬುವುದೂ ಆಗಲೇ, ಈಗಲೇ ಬಂದುಬಿಡೇ ಎಂದರೆ ಕೇಳುತ್ತಾಳೆಯೇ, ಎರಡನೇ ಹೆರಿಗಿ ಅಲ್ಲೇನಬೇ, ಇಲ್ಲೇ ಆಗ್ಲಿ, ಅತ್ತಿ ಅದಾರ, ಹೆಂಗೂ ನಿಮ್ಮ ಬೋಟ್ ಬರ್ತೈತೆಲ್ಲ — ನಗುತ್ತಾಳೆ ಬೇರೆ, ಫೋನಿನಲ್ಲಿ ಆ ನಗು ಕೇಳಿದರೆ ನನ್ನ ಸಿಟ್ಟೆಲ್ಲ ಇಳಿದುಹೋಗುತ್ತದೆ.

ಬಂತು ಬೋಟು, ಮೂತಿ ಮೇಲೆ, ಹಿಂಭಾಗ ನೀರಿಗೆ ಅಂಟಿಕೊಂಡು, ಕಾಕಾ ಹಲ್ಲು ಬಿಟ್ಟುಕೊಂಡು ಹ್ಯಾಂಗ ಓಡ್ತು ನೋಡಿದೇನ, ಮುತ್ತಿನಂಥಾ ಜೋಡಿ — ನಾನು ಹುಬ್ಬಳ್ಳಿಯವನತ್ತ ತಿರುಗಿ ಕೇಳುತ್ತೇನೆ, ತಮ್ಮಾ, ಒಂದ ಎಂಜಿನ್ ಎಷ್ಟ ಭಾರ ಇರ್ತೈತಿ? ಒಬ್ಬ ಮನಷ್ಯಾನಷ್ಟ ಹಿಡೀರಿ ಅಕ್ಕಾರ. ಒಬ್ಬ ಮನುಷ್ಯನಷ್ಟು. ಅಂದರೆ ನನ್ನ ಜಾಗದಲ್ಲಿ ಕೂತಿರುವವನು ಕೆಂಚ, ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು, ಕಾಕಾ, ಶ್ರಾವಣದಾಗ ಬೋಟ್ ತುಂಬಿ ಒಬ್ಬರು ಇಳೀರಿ ಅಂದ್ರ ಯಾರ ಇಳೀಬೇಕು, ನಮ್ಮ ಉಮಾಶ್ರೀ ಇಳೀಬೇಕೇನು? ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು, ಆಮೇಲೆ ಮೆಲ್ಲಗೆ, ಕೆಂಚನ್ನ ಬಿಚ್ಚೋ ಸುಭಾನಿ, ಹುಟ್ಟು ಎರಡ ಜೋಡಿ ಇಟ್ಕೋ.

ಈಗ ಆರೂ ಜನ ಹತ್ತಿದ್ದೇವೆ, ಮೊದಲು ನಾನೇ ಹತ್ತಿದೆ, ಕೆಸರುಗಾಲಲ್ಲೇ, ಯಾರು ಏನಂದುಕೊಂಡರೂ ಅಂದುಕೊಳ್ಳಲಿ, ಕರಿಯನೊಬ್ಬನೇ ಗುಡುಗುಡು ಎನ್ನುತ್ತಿದ್ದಾನೆ, ಹಿಂಭಾಗ ಎದ್ದಿದೆ, ನೀರು ಒಳಗೆ ಬರುತ್ತಿಲ್ಲ, ಭಯ ಇದೆ, ಇಲ್ಲ ಎಂದರೆ ಸುಳ್ಳಾದೀತು, ನಡುಹೊಳೆ ನಡುಹೊಳೆಯೇ, ಆದರೆ ಸುಭಾನಿಯ ರಟ್ಟೆ ಇದೆ, ಹುಟ್ಟು ಇವೆ, ಇವರೆಲ್ಲ ಇದ್ದಾರೆ, ಸ್ವಲ್ಪ ಸರೀರಿ ಎಂದರೆ ಎಲ್ಲರೂ ಸರಿಯುತ್ತಾರೆ, ನಡುವೆ ಜಾಗ ಆಗುತ್ತದೆ, ಅಲ್ಲಿ ಒಂದು ಕೌದಿ ಹಾಸಬಹುದು, ಶ್ರಾವಣದಲ್ಲಿ ಆ ಕೌದಿಯ ಮೇಲೆ ಉಮಾಶ್ರೀ, ನನ್ನ ತೊಡೆಯ ಮೇಲೆ ಅವಳ ತಲೆ, ಕಾಲು ಚಾಚು ಮಗಳೇ, ಜಾಗ ಇದೆ, ಪೂರ್ತಿ ಚಾಚು — ಚಾಚಿದ್ದಾಳೆ, ಕಾಲುಂಗುರದ ಮೇಲೆ ಒಂದು ಹನಿ ನೀರು